ಹಾರ್ವರ್ಡ್ ವಿಮಾನವೂ ಕೊಳೆ ಔಷಧಿಯೂ

ಶಿರಸಿಯ ಹಳ್ಳಿಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವನಿಗೆ ಕರೆಂಟಿಗಿಂತ ದೊಡ್ಡ ಶತ್ರು ಇಲ್ಲ. ಮಳೆಗಾಲದಲ್ಲಂತೂ ಕೇಳಲೇಬೇಡಿ.

ನನಗೆ ಹುಚ್ಚು ಹಿಡಿಸಿದ್ದು ಹಾರ್ವರ್ಡ್. ಎರಡನೇ ಮಹಾಯುದ್ಧದ ಕಾಲದ ತರಬೇತಿ ವಿಮಾನ. ನಮ್ಮ ವಾಯುಪಡೆಯ ಹುಡುಗರೂ ಬಹಳ ವರ್ಷ ಇದರಲ್ಲೇ ಕಲಿತರು. ಅದನ್ನು ಸಿಮ್ಯುಲೇಟರಿಗೆ ಇಳಿಸಿದ ಪುಣ್ಯಾತ್ಮರು ಒಂದು ಸ್ವಿಚ್ಚನ್ನೂ ಬಿಟ್ಟಿಲ್ಲ. ಕೈಪಂಪಿನಿಂದ ಪೆಟ್ರೋಲು ಏರಿಸಬೇಕು. ಪ್ರೈಮ್ ಮಾಡಬೇಕು, ಅಂದರೆ ಸಿಲಿಂಡರಿಗೆ ಮೊದಲೇ ಒಂದಿಷ್ಟು ಪೆಟ್ರೋಲು ಚಿಮ್ಮಿಸಬೇಕು. ಸ್ಟಾರ್ಟರಿನ ಚಕ್ರ ಕುಂಯ್ ಅನ್ನುವವರೆಗೆ ಕಾಯಬೇಕು. ಒಂಬತ್ತು ಸಿಲಿಂಡರುಗಳು ಕೆಮ್ಮಿ, ಹೊಗೆ ಉಗುಳಿ, ಇನ್ನೇನು ಎಂಜಿನ್ ಹಿಡೀತು ಅನ್ನುವಾಗ ಕರೆಂಟು ಹೋಗುತ್ತದೆ. ಮತ್ತೆ ಪೆಟ್ರೋಲಿನಿಂದ ಶುರು.

ಯುಪಿಎಸ್ ತಂದ ಮೇಲೆ ಹುಬ್ಬಳ್ಳಿ ರನ್‌ವೇ ಕಂಡೆ. ಕಂಡೆ ಅಂದರೆ ಬದಿಯಿಂದ ಕಂಡೆ. ಬಾಲದ ಕೆಳಗೊಂದು ಪುಟ್ಟ ಚಕ್ರ, ಮೂತಿ ಆಕಾಶಕ್ಕೆ. ಎದುರಿಗೆ ಏನೂ ಕಾಣುವುದಿಲ್ಲ. ಹಾವಿನ ಹಾಗೆ ಅತ್ತಿತ್ತ ಹೊರಳಿಸುತ್ತಾ ಹೋಗಬೇಕು. ಶಿರಸಿ–ಕುಮಟಾ ರಸ್ತೆಯಲ್ಲಿ ಬೈಕು ಬಿಟ್ಟವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಗಲಾಟೆ ಆಗಿದ್ದು ಸದ್ದಿನಿಂದ. 600 ಅಶ್ವಶಕ್ತಿಯ ಎಂಜಿನ್, ಗೇರಿಲ್ಲದೆ ನೇರ ಪ್ರೊಪೆಲ್ಲರ್ ತಿರುಗಿಸುತ್ತದೆ. ಸುಮಾರು 9 ಅಡಿಯ ಪ್ರೊಪೆಲ್ಲರ್, ನಿಮಿಷಕ್ಕೆ 2250 ಸುತ್ತು. ಅದರ ತುದಿ ಶಬ್ದದ ವೇಗದ ಹತ್ತಿರಕ್ಕೇ ಹೋಗುತ್ತದೆ. ಹಾರ್ವರ್ಡ್ ಮೇಲೇಳುವಾಗ ಊರಿಗೆಲ್ಲ ಕೇಳುವುದು ಅದಕ್ಕೇ. ನಾನು ಹಳೇ ದೊಡ್ಡ ಸ್ಪೀಕರ್ ಬೇರೆ ಜೋಡಿಸಿದ್ದೆ.

ಅವತ್ತು ಮಳೆ ನಿಂತು ಒಳ್ಳೇ ಹೊಳವಾಗಿತ್ತು. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸಲು ಊರೇ ಮರ ಹತ್ತುವ ಕೊನೆಗೌಡನಿಗೆ ಕಾಯುತ್ತಿತ್ತು. ಫೋನು ಮಾಡಿದರೆ ಅವನು ಎತ್ತುತ್ತಿರಲಿಲ್ಲ. ನಾನು ಥ್ರಾಟಲ್ ಪೂರ್ತಿ ಕೊಟ್ಟೆ. ವಿಮಾನ ನೆಲ ಬಿಡುವ ಮೊದಲೇ ಪಕ್ಕದ ಮನೆ ಭಾವ ತೋಟ ಹಾರಿ ಬಂದರು.

"ಔಷಧಿ ಪಂಪು ಶುರುವಾತಲ್ಲ! ಕೊನೆಗೌಡ ಎಲ್ಲಿ? ನಾಳೆ ನಮ್ಮನೆಗೆ ಅಂತ ಹೇಳಿಡು ಮಾರಾಯಾ!"

ಹಾರ್ವರ್ಡ್ ತೋರಿಸಿದೆ. ನೋಡಿದರು. ಆದರೂ ಒಮ್ಮೆ ಹಿತ್ತಿಲಿಗೆ ಹೋಗಿ ಇಣುಕಿ ಬಂದರು. ಚಹಾ ಕುಡಿದೂ ಅನುಮಾನ ಹೋಗಲಿಲ್ಲ.

ಮರುದಿನ ಬೆಳಗ್ಗೆ ಕೊನೆಗೌಡ ತಾನಾಗೇ ಬಂದು ಅಂಗಳದಲ್ಲಿ ನಿಂತಿದ್ದ. ಮುಖ ಇಷ್ಟು ದಪ್ಪ.

"ನನ್ನ ಬಿಟ್ಟು ಬೇರೆಯವರ ಕೈಲಿ ಹೊಡೆಸಿದ್ರಂತೆ, ಹೆಗಡೇರೆ?"

ಅಪ್ಪಯ್ಯ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಸುಮ್ನೆ ಎಲೆ-ಅಡಿಕೆಯ ಕವಳದ ತಟ್ಟೆ ಮುಂದೆ ದೂಡಿದರು. ಸಂಜೆಯೊಳಗೆ ಇಡೀ ತೋಟಕ್ಕೆ ಔಷಧಿ ಆಯಿತು.

ಸಿಮ್ಯುಲೇಟರನ್ನು ಅಲ್ಲಿಯವರೆಗೆ ಬೈಯುತ್ತಿದ್ದ ಅಪ್ಪಯ್ಯ ರಾತ್ರಿ ನನ್ನ ಕೋಣೆಗೆ ಬಂದು ಸ್ಪೀಕರಿನ ಧೂಳು ಒರೆಸಿದರು. "ತಮಾ, ಎರಡನೇ ಔಷಧಿ ಹೊತ್ತಿಗೂ ಇದನ್ನ ಹಾರಿಸು. ಕಿಟಕಿ ತೆಗೆದಿಟ್ಟುಕೋ."