ಸಿಂಡ್ರೆಲಾ ಕಥೆ ಮೊದಲೂ ಒಂದೇ ಇರಲಿಲ್ಲ

ಹದಿಹರೆಯದವರಿಗಾಗಿ ಬರುವ ಫ್ಯಾಂಟಸಿ ಕಾದಂಬರಿಗಳು ಹಳೇ ಕಥೆಗಳನ್ನು ಕೆಡಿಸುತ್ತಿವೆ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. ಸಿಂಡ್ರೆಲಾನನ್ನೇ ನೋಡಿ. 1697ರಲ್ಲಿ ಫ್ರಾನ್ಸಿನ ಪೆರೋ ಬರೆದಾಗ ಗಾಜಿನ ಚಪ್ಪಲಿ, ಕುಂಬಳಕಾಯಿ ಸಾರೋಟು ಇದ್ದವು. 1812ರ ಗ್ರಿಮ್ ಸಹೋದರರ ಪುಸ್ತಕದಲ್ಲಿ ಎರಡೂ ಇಲ್ಲ. ಅಲ್ಲಿ ಅಮ್ಮನ ಸಮಾಧಿ ಹತ್ತಿರದ ಮರ ಅಲುಗಿಸಿದರೆ ಬಟ್ಟೆ ಉದುರುತ್ತದೆ. ಮಲತಾಯಿಯ ಮಕ್ಕಳು ಚಪ್ಪಲಿ ಹಿಡಿಸಲೆಂದು ಕಾಲ್ಬೆರಳು, ಹಿಮ್ಮಡಿ ಕೊಯ್ದುಕೊಂಡು, ರಕ್ತ ಸೋರಿ ಸಿಕ್ಕಿಬೀಳುತ್ತಾರೆ. ಇದರಲ್ಲಿ ಅಸಲಿ ಯಾವುದು? 2012ರಲ್ಲಿ ಅಮೆರಿಕದ ಲೇಖಕಿ ಮರಿಸ್ಸಾ ಮೇಯರ್ ತಮ್ಮ ‘ಸಿಂಡರ್’ ಕಾದಂಬರಿಯಲ್ಲಿ ಸಿಂಡ್ರೆಲಾಳನ್ನು ಅರ್ಧ ಯಂತ್ರದ ಮೆಕ್ಯಾನಿಕ್ ಮಾಡಿದರು. ಚಪ್ಪಲಿ ಬದಲು ಲೋಹದ ಪಾದವೇ ಕಳಚಿಬೀಳುತ್ತದೆ. ಎಂಥಾ ಕಲ್ಪನೆ!

ನನ್ನ ಬೇಸರವೇ ಬೇರೆ. ಮಡಿಕೇರಿಯಲ್ಲಿ ನನ್ನ ಮಗಳ ಕೈಲಿ ಸದಾ ಇಂಥ ಪುಸ್ತಕ ಇರುತ್ತೆ, ಎಲ್ಲವೂ ಇಂಗ್ಲಿಷಿನವು. ನಮ್ಮಲ್ಲಿ ಕಥೆಗೇನು ಬರವೇ? ಕಾವೇರಿಯನ್ನು ಒಂಟಿಯಾಗಿ ಬಿಡುವುದಿಲ್ಲ ಎಂದಿದ್ದ ಗಂಡ ಅಗಸ್ತ್ಯರು ಮಾತು ತಪ್ಪಿದರು, ಅವಳು ಅವರ ಕಮಂಡಲದಿಂದ ನದಿಯಾಗಿ ಹೊರಟೇಬಿಟ್ಟಳು. ಕೊಡಗಿನ ಬಲಮುರಿಯಲ್ಲಿ ಅವಳನ್ನು ತಡೆಯಲು ನಿಂತ ಹೆಂಗಸರ ಸೀರೆ ನೆರಿಗೆ ನೀರಿನ ರಭಸಕ್ಕೆ ಹಿಂದಕ್ಕೆ ಹೋಯಿತಂತೆ. ಕೊಡವ ಹೆಂಗಸರು ಇವತ್ತಿಗೂ ನೆರಿಗೆ ಹಿಂದೆಯೇ ಉಡುತ್ತಾರೆ. ಹದಿನಾರರ ಹುಡುಗಿಗೆ ಇದಕ್ಕಿಂತ ಒಳ್ಳೇ ನಾಯಕಿ ಬೇಕಾ? ಯಾರಾದರೂ ಕನ್ನಡದಲ್ಲಿ ಬರೆಯಿರಿ, ದಯವಿಟ್ಟು. ನಮ್ಮನೆಗೆ ಒಂದು ಪ್ರತಿ ಖಂಡಿತ ಬೇಕು.