ಸಾಕ್ಷಿ ಸಮೇತ ಒಂದು ಹೆಜ್ಜೆ

ಹೆರಿಗೆ ರಜೆ 26 ವಾರ ಸಾಕು ಅಂತ ಲೆಕ್ಕ ಹಾಕಿದವರ ಮನೆಯಲ್ಲಿ ಎಳೆಮಗು ಇರಲಿಲ್ಲ ಅಂತ ನನಗೆ ಬಲವಾದ ಗುಮಾನಿ. 2017ಕ್ಕೆ ಮುಂಚೆ ಬರೀ 12 ವಾರ ಇತ್ತು, ನಮ್ಮ ಅಕ್ಕಂದಿರೆಲ್ಲ ಅಷ್ಟರಲ್ಲೇ ಬಾಣಂತನ ಮುಗಿಸಿ ಕೆಲಸಕ್ಕೆ ಓಡಿದರು, ಹಾಗೆ ನೋಡಿದರೆ ನಾವು ಪುಣ್ಯ ಮಾಡಿದವರು, ಒಪ್ಪಿದೆ. ಆದರೆ ಆ 26 ವಾರದಲ್ಲಿ ಮಗು ಮಾಡೋದೇನು ಹೇಳಿ? ಅಳುತ್ತೆ. ಹಾಲು ಕಕ್ಕುತ್ತೆ. ರಾತ್ರಿ ಎರಡು ಗಂಟೆಗೆ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಫ್ಯಾನ್ ನೋಡುತ್ತೆ. 6, 10, 14ನೇ ವಾರದ ಚುಚ್ಚುಮದ್ದು ಮೂರೂ ಸರಿಯಾಗಿ ರಜೆಯೊಳಗೇ ಬೀಳುತ್ತವೆ. ಆ ಜ್ವರ, ಆ ಕಿರಿಕಿರಿ, ಹೆಗಲ ಮೇಲೆ ಹಾಕಿಕೊಂಡು ಬೆಳಗಿನ ಜಾವದವರೆಗೆ ಹಾಲ್‌ನಲ್ಲಿ ಓಡಾಡೋದು, ಎಲ್ಲ ನಮ್ಮ ಪಾಲಿಗೆ. ಕೂರೋದು, ಹಲ್ಲು ಬರೋದು, ನಿಲ್ಲೋದು, ನಡೆಯೋದು, ಅಂದರೆ ನೋಡೋಕೆ ಚೆಂದ ಇರೋದೆಲ್ಲ ಹೆಚ್ಚುಕಮ್ಮಿ ಆಮೇಲೆಯೇ. ಅಷ್ಟು ಹೊತ್ತಿಗೆ ನಾವು ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಕುಂದಲಹಳ್ಳಿಯಲ್ಲಿ ಇಳಿದು ಎಕ್ಸೆಲ್ ಶೀಟ್ ಮುಂದೆ ಕೂತಿರುತ್ತೇವೆ.

ಇದನ್ನೆಲ್ಲ ಈಗ ಯಾಕೆ ಎತ್ತಿದೆ ಅಂದರೆ, ಮೊನ್ನೆ ಸಂಜೆ ಗೇಟಿನಲ್ಲಿ ವಾಚ್‌ಮನ್ ಎದ್ದು ನಿಂತು, "ಮೇಡಂ, ಪಾಪು ನಡೀತಂತಲ್ಲ!" ಅಂದ.

ಯಾರ ಪಾಪು ಅಂತ ಒಂದು ಕ್ಷಣ ಹೊಳೆಯಲೇ ಇಲ್ಲ.

ಲಿಫ್ಟಿನಲ್ಲಿ ಮೂರನೇ ಮಹಡಿಯ ಆಂಟಿ ಕಂಗ್ರಾಟ್ಸ್ ಹೇಳಿದರು. ಕೆಳಗೆ ಇಸ್ತ್ರಿ ಅಂಗಡಿಯವರಿಗೂ ಗೊತ್ತಿತ್ತು. ಅವರು ನನ್ನ ಚೂಡಿದಾರ ಮಡಚುತ್ತಲೇ, "ಸ್ವೀಟ್ ಎಲ್ಲಕ್ಕಾ?" ಅಂತ ಕೇಳಿದ್ದರು, ನನಗೆ ಅದರ ತಲೆಬುಡ ಗೊತ್ತಾಗದೆ ನಕ್ಕು ಬಂದಿದ್ದೆ. ಇಡೀ ಅಪಾರ್ಟ್‌ಮೆಂಟಿಗೆ ಗೊತ್ತಿರುವ ವಿಷಯ ಹೆತ್ತವಳಿಗೆ ಗೊತ್ತಿಲ್ಲ. ಮನೆಗೆ ಹೋದರೆ ಪುಟ್ಟಿ ನೆಲದ ಮೇಲೆ ಕೂತು, ಯಾವತ್ತೂ ನಡೆದೇ ಇಲ್ಲದವಳ ಮುಖ ಮಾಡಿಕೊಂಡು ನನ್ನ ಚಪ್ಪಲಿ ಕಚ್ಚುತ್ತಿದ್ದಳು. ಅತ್ತೆ ಅಡುಗೆಮನೆಯಿಂದ ಆಚೆ ಬರಲಿಲ್ಲ. ಮಾವ ಕನ್ನಡಕ ಏರಿಸಿ, "ಇನ್ನೂ ಅಧಿಕೃತ ಆಗಿಲ್ಲಮ್ಮ" ಅಂದರು.

ನಮ್ಮ ಮಾವನ ಬಗ್ಗೆ ಹೇಳಲೇಬೇಕು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕೆಲಸ ಬಿಟ್ಟಿದ್ದಾರೆ, ಕಚೇರಿ ಬಿಟ್ಟಿಲ್ಲ. ಪುಟ್ಟಿ ಹುಟ್ಟಿದ ವಾರವೇ ಒಂದು ಉದ್ದನೆಯ ರಿಜಿಸ್ಟರ್ ತಂದರು. ಸ್ಕೇಲಿಟ್ಟು ಗೆರೆ ಎಳೆದರು. ಕ್ರಮ ಸಂಖ್ಯೆ, ದಿನಾಂಕ, ವಿವರ, ಸಾಕ್ಷಿಗಳು, ಷರಾ. ಮೊದಲ ಪುಟಕ್ಕೆ ತಾಯಿ ಕಾರ್ಡಿನ ಜೆರಾಕ್ಸ್ ಅಂಟಿಸಿದ್ದಾರೆ. ನನ್ನ ಗಂಡ ಫೋನಿನಲ್ಲಿ ಆ್ಯಪ್ ಹಾಕಿಕೊಡುತ್ತೇನೆ ಅಂದಿದ್ದಕ್ಕೆ, "ಆ್ಯಪಿನಲ್ಲಿ ಷರಾ ಎಲ್ಲಿ ಬರೆಯೋದು?" ಅಂತ ಕೇಳಿ ಬಾಯಿ ಮುಚ್ಚಿಸಿದರು.

ಕ್ರಮ ಸಂಖ್ಯೆ 1 ನನ್ನದು. "ಮಗು ಬೋರಲು ಬಿದ್ದಿರುತ್ತದೆ. ಸಾಕ್ಷಿ: ತಾಯಿ." ಆಗಿನ್ನೂ ರಜೆ ಇತ್ತು. ಅತ್ತೆ ಖುಷಿಯಿಂದ ಬೆಲ್ಲದ ದೋಸೆ ಹುಯ್ದರು. ಅಲ್ಲಿಂದ ಮುಂದೆ ರಿಜಿಸ್ಟರಿನಲ್ಲಿ ನನ್ನ ಹೆಸರೇ ಇಲ್ಲ.

ಹಲ್ಲು ಬಂದದ್ದು ಒಂದು ಮಂಗಳವಾರ. ರಾಗಿ ಸರಿ ತಿನ್ನಿಸುವಾಗ ಬೆಳ್ಳಿ ಚಮಚ 'ಟಿಣ್' ಅಂದಿತಂತೆ. ಅತ್ತೆ ಮಾವನನ್ನು ಕರೆದರು, ಮಾವ ಟಾರ್ಚ್ ತಂದರು, ನನಗೆ ಮೀಟಿಂಗಿನ ಮಧ್ಯೆ ಒಂದು ಫೋಟೋ ಬಂತು. ಅದರಲ್ಲಿ ಮುಕ್ಕಾಲು ಪಾಲು ಮಾವನ ಹೆಬ್ಬೆರಳು. ಅರ್ಧ ಗಂಟೆಯೊಳಗೆ ಹುಬ್ಬಳ್ಳಿಯಿಂದ ನನ್ನ ತಮ್ಮನ ಫೋನು. "ಅಕ್ಕಾ, ಬಂದಿದ್ದು ಮೇಲಿನ ಹಲ್ಲಾ, ಕೆಳಗಿನ ಹಲ್ಲಾ?" ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರಲ್ಲ ಅಂತ ಯಾರೋ ಅವನ ತಲೆಗೆ ತುಂಬಿದ್ದರು. "ನಾನು ಇದನ್ನೆಲ್ಲ ನಂಬಲ್ಲ, ಸುಮ್ನೆ ಕೇಳ್ದೆ" ಅಂದ. ಕೆಳಗಿನದ್ದು ಅಂದ ಮೇಲೆ ಅವನು ಬಿಟ್ಟ ನಿಟ್ಟುಸಿರು ಫೋನಿಲ್ಲದೆಯೂ ಕೇಳುತ್ತಿತ್ತು.

ಹೊಸಲು ದಾಟಿದ್ದು ಇನ್ನೊಂದು ಕಥೆ. ಈಗಿನ ಫ್ಲ್ಯಾಟುಗಳಲ್ಲಿ ಹೊಸಲು ಅನ್ನೋದು ಇರೋದೇ ಎರಡು ಕಡೆ. ಒಂದು ಮುಂಬಾಗಿಲು, ಇನ್ನೊಂದು ಬಚ್ಚಲುಮನೆ. ನಮ್ಮ ಪುಟ್ಟಿ ಯಾವುದನ್ನು ಮೊದಲು ದಾಟಿದಳು ಅಂತ ಬೇರೆ ಹೇಳಬೇಕಾ? ಅತ್ತೆ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತು ತುಂಬಾ ಹೊತ್ತು ಯೋಚಿಸಿದರಂತೆ. ಕೊನೆಗೆ ಪೂಜೆ ಮುಂಬಾಗಿಲಿಗೆ, ಫಿನಾಯಿಲ್ ಬಚ್ಚಲಿಗೆ ಅಂತ ತೀರ್ಮಾನ ಆಯಿತು. ಮಾವನ ಷರಾ: "ಸದರಿ ಹೊಸಲು ಪರಿಗಣನೆಗೆ ಬರುವುದಿಲ್ಲ."

ಮಾತಿನ ವಿಷಯದಲ್ಲಿ ಮಾತ್ರ ಮಾವ ನಿಯಮ ಸಡಿಲಿಸಿದರು, ಇದಕ್ಕೆ ನನ್ನ ತಕರಾರಿದೆ. ಪುಟ್ಟಿ 'ತಾ ತಾ ತಾ' ಅಂದಳು. ಈ ವಯಸ್ಸಿನ ಮಕ್ಕಳೆಲ್ಲ ಬ ಬ ಬ, ಮ ಮ ಮ, ದ ದ ದ ಅಂತ ಬಾಯಿಗೆ ಬಂದಿದ್ದನ್ನು ಅನ್ನುತ್ತವೆ. ನಮ್ಮವಳು ಫ್ಯಾನಿಗೂ ತಾತಾ, ಕುಕ್ಕರ್ ಕೂಗಿದರೂ ತಾತಾ, ಪಾರಿವಾಳ ಬಂದರೂ ತಾತಾ. ಆದರೆ ರಿಜಿಸ್ಟರಿನಲ್ಲಿ, "ಮಗು ಪ್ರಪ್ರಥಮವಾಗಿ 'ತಾತ' ಎಂದು ಕರೆದಿರುತ್ತದೆ." ಸಾಕ್ಷಿಗಳ ಕಾಲಮ್ಮಿನಲ್ಲಿ, "ಸ್ವತಃ." ಅವಳು 'ಮ ಮ' ಅಂದಾಗ ಮಾತ್ರ, "ಅದು ಹಸಿವಿಗೆ ಅನ್ನೋದಮ್ಮ, ಅದನ್ನ ತಗೊಳ್ಳೋಕಾಗಲ್ಲ" ಅಂತ ತಳ್ಳಿಹಾಕಿದ್ದರು.

ಇನ್ನು ಅಂಬೆಗಾಲು. ಆ ಸಾಲು ಇವತ್ತಿಗೂ ಖಾಲಿ. ಪುಟ್ಟಿ ಅಂಬೆಗಾಲು ಇಡಲೇ ಇಲ್ಲ. ಕೂತ ಭಂಗಿಯಲ್ಲೇ ಒಂದು ಕೈ ಊರಿ ಕುಂಡೆ ಮೇಲೆ ಜಾರಿಕೊಂಡು ಮನೆಯೆಲ್ಲ ಸುತ್ತುತ್ತಾಳೆ, ಆಟೋ ಹೋದ ಹಾಗೆ. ಮಾವ ಚಿಂತೆಗೆ ಬಿದ್ದರು. ಒಂದು ಹಂತ ವಿಲೇವಾರಿ ಆಗದೆ ಕಡತ ಮುಂದಿನ ಹಂತಕ್ಕೆ ಹೋಗೋದು ಹೇಗೆ? ಮಕ್ಕಳ ಡಾಕ್ಟರ ಹತ್ತಿರ ರಿಜಿಸ್ಟರ್ ಸಮೇತ ಹೋದರು. ಡಾಕ್ಟರು ತಾಳ್ಮೆಯವರು. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಒಂದು ಪಟ್ಟಿ ಕೊಟ್ಟಿದ್ದಾರೆ, ಅದರಲ್ಲಿ ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲೇ ಇಟ್ಟಿರಲಿಲ್ಲ, ಯಾರ ಆಸರೆಯೂ ಇಲ್ಲದೆ ನಡೆಯೋದು 8.2 ತಿಂಗಳಿಂದ 17.6 ತಿಂಗಳವರೆಗೆ ಯಾವಾಗ ಬೇಕಾದರೂ ಆಗಬಹುದು ಅಂತ ವಿವರಿಸಿದರು. ಮಾವನಿಗೆ ಉಳಿದದ್ದು ಕೇಳಿಸಲಿಲ್ಲ. 17.6 ಅಂದರೆ 17 ತಿಂಗಳು 18 ದಿನ ಅಂತ ಅಲ್ಲೇ ಲೆಕ್ಕ ಹಾಕಿ, ಕ್ಯಾಲೆಂಡರಿನಲ್ಲಿ ತಾರೀಕು ಹುಡುಕಿ, ಕೆಂಪು ಇಂಕಿನಲ್ಲಿ 'ಕಾಲಮಿತಿ' ಅಂತ ಬರೆದುಕೊಂಡರು.

2012ರಲ್ಲಿ ಸರ್ಕಾರಿ ಸೇವೆಗಳಿಗೆ ಕಾಲಮಿತಿ ಹಾಕಿದ 'ಸಕಾಲ' ಯೋಜನೆ ಶುರುವಾದಾಗ ಅವರಿನ್ನೂ ಸರ್ವಿಸಿನಲ್ಲಿದ್ದರು. ಅದರ ಪ್ರಭಾವ ಇನ್ನೂ ಇಳಿದಿಲ್ಲ. ಸಕಾಲದಲ್ಲಿ ಕೆಲಸ ತಡವಾದರೆ ದಿನಕ್ಕೆ 20 ರೂಪಾಯಿ, ಒಟ್ಟು 500 ಮೀರದಂತೆ, ಅರ್ಜಿದಾರರಿಗೆ ಪರಿಹಾರ ಕೊಡಬೇಕಿತ್ತು. ಇಲ್ಲಿ ಅರ್ಜಿದಾರರು ಯಾರು ಮಾವ ಅಂತ ಕೇಳಿದೆ. "ನಾನೇ" ಅಂದರು.

ಅಂಥವರು ಪುಟ್ಟಿ ನಡೆದ ಸುದ್ದಿಯನ್ನು ಸುಮ್ಮನೆ ಒಪ್ಪುತ್ತಾರಾ? ನಡೆದಾಗ ಅವರು ಹಾಲಿನ ಬೂತಿಗೆ ಹೋಗಿದ್ದರು. ನೋಡಿದ್ದು ಮನೆಕೆಲಸದ ಅಕ್ಕ ಮತ್ತು ಅರ್ಧಂಬರ್ಧ ಅತ್ತೆ. ಹಾಗಾಗಿ ಶನಿವಾರ ಬೆಳಗ್ಗೆ ನಮ್ಮ ಹಾಲ್‌ನಲ್ಲಿ ಸ್ಥಳ ಮಹಜರು ನಡೆಯಿತು. ತಮಾಷೆಗೆ ಹೇಳುತ್ತಿಲ್ಲ. ಅತ್ತೆಯ ಹೊಲಿಗೆ ಡಬ್ಬಿಯಿಂದ ಟೇಪು ಬಂತು.

"ಎಲ್ಲಿಂದ ಎಲ್ಲಿಗೆ ನಡೆದಳು?"

"ಈ ದಿವಾನದಿಂದ ಕಸದ ಬುಟ್ಟಿಗೆ ಸಾರ್."

"ಎಷ್ಟು ಹೆಜ್ಜೆ?"

"ಎರಡೋ ಮೂರೋ ಇರ್ಬೇಕು."

"ಎರಡೋ ಮೂರೋ ಅಂತ ಬರೆಯೋಕಾಗಲ್ಲಮ್ಮ. ಎರಡಾ, ಮೂರಾ?"

"ನಾನು ಒರೆಸ್ತಾ ಇದ್ದೆ ಸಾರ್, ಎಣಿಸ್ಲಿಲ್ಲ."

"ಏನಾದರೂ ಹಿಡಿದುಕೊಂಡಿದ್ದಳಾ?"

"ಮೊದ್ಲು ಕರ್ಟನ್ ಹಿಡ್ಕೊಂಡಿತ್ತು, ಆಮೇಲೆ ಬಿಡ್ತು."

"ಬಿಟ್ಟ ಮೇಲೆ ಎಷ್ಟು ಹೆಜ್ಜೆ, ಬಿಡೋಕೆ ಮುಂಚೆ ಎಷ್ಟು?"

ಆ ಅಕ್ಕ ನನ್ನ ಮುಖ ನೋಡಿದರು. ಆಮೇಲೆ ಮಾವನ ಕೈಯಲ್ಲಿದ್ದ ಟೇಪು ನೋಡಿದರು. ಅವರಿಗೆ ಇನ್ನೂ ಎರಡು ಮನೆ ಪಾತ್ರೆ ಬಾಕಿ ಇತ್ತು.

"ಕೊನೆಗೆ ಬಿದ್ದಳಾ?" ಮಾವ ಬಿಡಲಿಲ್ಲ.

"ಬೀಳ್ಲಿಲ್ಲ, ಕೂತಳು!" ಅಡುಗೆಮನೆಯಿಂದ ಅತ್ತೆ ಒಗ್ಗರಣೆ ಸದ್ದಿನ ಮೇಲೆ ಕೂಗಿದರು. "ಬಿದ್ದಳು ಅಂತ ಬರೆದೀರಾ ಜೋಕೆ, ಒಳ್ಳೇ ದಿನ ಬಿದ್ದಳು ಗಿದ್ದಳು ಅಂತ!"

ಆಮೇಲೆ ಮರುಪ್ರದರ್ಶನ. ಪುಟ್ಟಿಯನ್ನು ದಿವಾನಕ್ಕೆ ಒರಗಿಸಿ ನಿಲ್ಲಿಸಿದ್ದಾಯಿತು. ಎದುರಿಗೆ ಕಸದ ಬುಟ್ಟಿ, ತೊಳೆದದ್ದು. ನಾಲ್ಕು ಜನ, ಮೂರು ಫೋನು, ಒಂದೇ ಸಮ ಚಪ್ಪಾಳೆ. "ಬಾ ಬಾ ಬಾ ಬಂಗಾರಿ!" ಬಾಳೆಹಣ್ಣು ತೋರಿಸಿದೆವು, ಟಿ.ವಿ. ರಿಮೋಟ್ ತೋರಿಸಿದೆವು, ನನ್ನ ಗಂಡ ಎರಡೂ ಕಾಲಿಗೆ ಪುಟ್ಟಿಯ ಗೆಜ್ಜೆ ಹಿಡಿದು ಕುಣಿದದ್ದೂ ಆಯಿತು. ಅವಳು ಎಲ್ಲರನ್ನೂ ಒಮ್ಮೆ ನೋಡಿ, ನಿಧಾನಕ್ಕೆ ಕೂತು, ಕುಂಡೆ ಜಾರಿಸಿಕೊಂಡು ಬುಟ್ಟಿಯ ತನಕ ಬಂದು, ಬುಟ್ಟಿ ಖಾಲಿ ಇದ್ದದ್ದಕ್ಕೆ ಅತ್ತಳು.

"ತೊಳೆಯಬಾರದಿತ್ತು" ಅಂದರು ಮಾವ.

ರಾತ್ರಿ ಅತ್ತೆ ಜೊತೆ ಪಾತ್ರೆ ಎತ್ತಿಡುವಾಗ ಕೇಳಿಯೇ ಬಿಟ್ಟೆ. ಊರಿಗೆಲ್ಲ ಹೇಳಿ ನನಗೊಬ್ಬಳಿಗೆ ಯಾಕೆ ಹೇಳಲಿಲ್ಲ ಅಂತ. ಅವರು ಸಾರಿನ ಪಾತ್ರೆಯನ್ನು ಫ್ರಿಜ್ಜಿನೊಳಗೆ ಆ ಕಡೆ ಈ ಕಡೆ ಸರಿಸುತ್ತಾ, "ಹೇಳದೇ ಇದ್ದರೆ ನೀನು ನೋಡಿದ್ದೇ ಮೊದಲನೇದು ಆಗುತ್ತಲ್ಲಮ್ಮ" ಅಂದರು. ವಾಚ್‌ಮನ್‌ಗೆ ಹೇಳಿದ್ದು ಅವರಲ್ಲವಂತೆ, ಕೆಲಸದ ಅಕ್ಕ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ನನ್ನ ಫೋನಿನಲ್ಲಿ ಪುಟ್ಟಿಯ ಮೊದಲ ವರ್ಷ ಪೂರ್ತಿ ಇದೆ. ಸಂಜೆ ಮೆಟ್ರೋದಲ್ಲಿ ಒಂದೊಂದೇ ನೋಡುತ್ತಾ ಬರುತ್ತೇನೆ. ಎಲ್ಲ ಬೇರೆಯವರು ತೆಗೆದ ವಿಡಿಯೋಗಳು. ಪ್ರತಿಯೊಂದರಲ್ಲೂ ಹಿಂದಿನಿಂದ ಅತ್ತೆಯ ದನಿ, "ಅಮ್ಮಂಗೆ ತೋರಿಸು, ಅಮ್ಮಂಗೆ ತೋರಿಸು." ಪುಟ್ಟಿ ಫೋನಿನ ಕಡೆ ನೋಡಿ ನಗುತ್ತಾಳೆ. ಅವಳ ಲೆಕ್ಕದಲ್ಲಿ ಹಗಲು ಹೊತ್ತಿನ ಅಮ್ಮ ಅಂದರೆ ಆ ಫೋನೇ ಇರಬೇಕು.

ಶುಕ್ರವಾರ ವರ್ಕ್ ಫ್ರಮ್ ಹೋಮ್ ಕೇಳಿಕೊಂಡೆ. ಏನಾದರಾಗಲಿ, ಇವತ್ತು ನೋಡಿಯೇ ತೀರಬೇಕು ಅಂತ. ಬೆಳಗ್ಗೆಯಿಂದ ಹಾಲ್‌ನಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಕಣ್ಣು ಅವಳ ಮೇಲೆ. ಅವಳು ಜಾರಿದಳು, ಮಲಗಿದಳು, ಸರಿ ತಿಂದಳು, ಉಗಿದಳು, ಮತ್ತೆ ಜಾರಿದಳು. ನಾಲ್ಕು ಗಂಟೆಗೆ ರಿವ್ಯೂ ಮೀಟಿಂಗ್. ಕ್ಯಾಮೆರಾ ಆನ್. ಸ್ಕ್ರೀನ್ ಶೇರ್ ಮಾಡುತ್ತಿದ್ದವಳು ನಾನೇ, ಹಾಗಾಗಿ ನನಗೆ ಕಾಣುತ್ತಿದ್ದದ್ದು ಎಕ್ಸೆಲ್ ಮಾತ್ರ. ಮೂರನೇ ತ್ರೈಮಾಸಿಕದ ಖರ್ಚಿಗೆ ಬಂದಿದ್ದೆ, ಅಷ್ಟರಲ್ಲಿ ಚೆನ್ನೈ ಆಫೀಸಿನ ಹುಡುಗ ಒಮ್ಮೆಲೇ 'ಓ!' ಅಂದ. ಪುಣೆಯವಳೊಬ್ಬಳು ಚಪ್ಪಾಳೆ ತಟ್ಟಿದಳು. ನಮ್ಮ ಮ್ಯಾನೇಜರ್, ಯಾವತ್ತೂ ನಗದ ಪ್ರಾಣಿ, "ಹಿಂದೆ, ಹಿಂದೆ ನೋಡಿ" ಅಂದರು.

ತಿರುಗಿದೆ. ಪುಟ್ಟಿ ನನ್ನ ಕುರ್ಚಿಯ ಹಿಂದೆ ನೆಲದ ಮೇಲೆ ಕೂತಿದ್ದಳು. ದಿವಾನದಿಂದ ಅಲ್ಲಿಗೆ ಒಳ್ಳೇ ಐದಾರು ಅಡಿ.

ಮೀಟಿಂಗ್ ರೆಕಾರ್ಡ್ ಆಗುತ್ತಿರಲಿಲ್ಲ. ಕೇಳಿದೆ, ಎರಡು ಸಲ ಕೇಳಿದೆ.

ಮಾವ ರೂಮಿನಿಂದ ರಿಜಿಸ್ಟರ್ ಹಿಡಿದುಕೊಂಡೇ ಬಂದರು. ನೋಡಿದವರ ಹೆಸರು ಬೇಕು, ಹುದ್ದೆ ಸಮೇತ. ಚೆನ್ನೈ ಹುಡುಗನಿಗೆ ಕನ್ನಡ ಬರಲ್ಲ ಮಾವ ಅಂದೆ. "ಇಂಗ್ಲಿಷಲ್ಲೇ ಕೊಡಲಿ. ಅಫಿಡವಿಟ್ ಏನೂ ಬೇಡ, ಒಂದು ಮೇಲ್ ಹಾಕಿದರೆ ಸಾಕು, ಪ್ರಿಂಟ್ ತೆಗೆದು ಲಗತ್ತಿಸ್ತೀನಿ" ಅಂದರು. ನಾಚಿಕೆ ಬಿಟ್ಟು ಟೀಮಿಗೆ ಮೇಲ್ ಬರೆದೆ. ಎಲ್ಲರೂ ಉತ್ತರ ಕೊಟ್ಟರು, ಚೆನ್ನೈ ಹುಡುಗ ಹೆಜ್ಜೆಯನ್ನೂ ಎಣಿಸಿದ್ದ, ನಾಲ್ಕು. ಮಾವನಿಗೆ ಅವನ ಮೇಲೆ ಭಾರಿ ಗೌರವ ಬಂದಿದೆ, ಅವನ ಊರು ಯಾವುದು ಅಂತ ಕೇಳುತ್ತಿದ್ದಾರೆ. ಮ್ಯಾನೇಜರ್ 'ನೋಟೆಡ್' ಅಂತ ಒಂದೇ ಪದ ಬರೆದು ಕಳಿಸಿದರು, ಮಾವನ ಪ್ರಕಾರ ಅದು ಮೇಲಧಿಕಾರಿಯ ಅನುಮೋದನೆ.

ನಾನು ಷರಾ ಕಾಲಮ್ಮು ಓದಿದೆ. ಗುಂಡಗಿನ ಅಕ್ಷರ, ನೀಲಿ ಇಂಕು.

"ತಾಯಿಯವರು ಸ್ಥಳದಲ್ಲಿ ಹಾಜರಿದ್ದು, ಬೆನ್ನು ತಿರುಗಿಸಿರುತ್ತಾರೆ."