ಹೆಬ್ಬೆಟ್ಟು ಒತ್ತಿ, ಕಾರು ಕೊಳ್ಳಿ

ನಮ್ಮ ದೇಶದಲ್ಲಿ ಕಾರಿನ ಉಕ್ಕು ಪರೀಕ್ಷೆ ಮಾಡುವ ಪ್ರಯೋಗಾಲಯ ಎಷ್ಟಿವೆ ಅಂತ ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳಿ: ಜನಸಂಖ್ಯೆಯ ಎರಡರಷ್ಟು. ತಲೆಗೆ ಎರಡು ಹೆಬ್ಬೆಟ್ಟು.

ನಂಬಿಕೆ ಬರಲಿಲ್ಲವಾ? ಭಾನುವಾರ ಯಾವುದಾದರೂ ಶೋರೂಮಿಗೆ ಹೋಗಿ ನಿಲ್ಲಿ. ಕಾರು ಕೊಳ್ಳುವವನು ಒಬ್ಬ, ಜೊತೆಗೆ ಸಂಸಾರ, ಸಂಸಾರದ ಜೊತೆ ಒಬ್ಬ ಎಕ್ಸ್‌ಪರ್ಟ್. ಎಕ್ಸ್‌ಪರ್ಟ್ ಸಾಮಾನ್ಯವಾಗಿ ಭಾಮೈದ. ಬಂದವನೇ ಬಾನೆಟ್ ನಡುವೆ ಹೆಬ್ಬೆಟ್ಟು ಊರುತ್ತಾನೆ. ತಗಡು ಒಂಚೂರು ಒಳಗೆ ಹೋಗಿ, ಬಿಟ್ಟ ಕೂಡಲೇ ಟಪ್ ಅಂತ ವಾಪಸ್ ಬರುತ್ತದೆ. ಅವನ ಮೂತಿ ಸೊಟ್ಟಗಾಗುತ್ತದೆ. "ಬರೀ ಡಬ್ಬಾ, ಭಾವ. ಸುಮ್ನೆ ದುಡ್ಡು ದಂಡ." ಆಮೇಲೆ ಬಾಗಿಲನ್ನು ಧಡ್ ಅಂತ ಹಾಕಿ, ಸಂಗೀತ ಸ್ಪರ್ಧೆಯ ತೀರ್ಪುಗಾರನ ಹಾಗೆ ಕಣ್ಣು ಮುಚ್ಚಿ ಸದ್ದು ಕೇಳುತ್ತಾನೆ. ಸೇಲ್ಸ್ ಹುಡುಗ ಪಕ್ಕದಲ್ಲಿ "ಫೈವ್ ಸ್ಟಾರ್ ಸಾರ್" ಅಂತ ಗೊಣಗುತ್ತಾ ನಿಂತಿರುತ್ತಾನೆ. ಅವನ ಮಾತು ಯಾರಿಗೆ ಬೇಕು?

ತಮಾಷೆ ಏನು ಗೊತ್ತಾ? ಬೆರಳಲ್ಲಿ ಒತ್ತಿದರೆ ಉಕ್ಕಿನ ಬಲ ಗೊತ್ತಾಗುವುದೇ ಇಲ್ಲ. ಒಂದೇ ದಪ್ಪ, ಒಂದೇ ಆಕಾರದ ಎರಡು ಹಾಳೆ ತಗೊಳ್ಳಿ. ಒಂದು ಮೆತ್ತನೆ ಉಕ್ಕು, ಇನ್ನೊಂದು ಅದಕ್ಕಿಂತ ಐದು ಪಟ್ಟು ಬಲದ್ದು. ಹೆಬ್ಬೆಟ್ಟಿಗೆ ಎರಡೂ ಹೆಚ್ಚುಕಡಿಮೆ ಅಷ್ಟೇ ಬಾಗುತ್ತವೆ. ಯಾವುದು ಮೊದಲು ಶಾಶ್ವತವಾಗಿ ನೆಗ್ಗುತ್ತದೆ, ಯಾವುದು ಹರಿಯುತ್ತದೆ ಅನ್ನುವುದು ಆಮೇಲಿನ ಮಾತು. ಅಷ್ಟು ದೂರ ಹೋಗುವಷ್ಟು ಶಕ್ತಿ ಭಾಮೈದನಿಗಿಲ್ಲ.

ಅವನು ಒತ್ತುವ ಜಾಗವಾದರೂ ಯಾವುದು? ಇಡೀ ಕಾರಿನಲ್ಲಿ ಬೇಕು ಅಂತಲೇ ಮೆತ್ತಗೆ ಇಟ್ಟ ಜಾಗ. ಹೊರಗಿನ ತಗಡು ಸುಮಾರು 0.7 ಮಿಲಿಮೀಟರ್ ದಪ್ಪ. ಬಾಗಿಲ ಮೇಲೆ ಕತ್ತಿಯಂಥ ಗೆರೆ ಬೇಕು, ದೀಪದ ಸುತ್ತ ಸೊಂಟದ ತಿರುವು ಬೇಕು ಅಂತ ಕೇಳುವವರು ನಾವೇ ಅಲ್ವಾ? ಪ್ರೆಸ್ಸಿನಲ್ಲಿ ಸೀಳದೆ ಅಷ್ಟೆಲ್ಲ ಬಗ್ಗಬೇಕಾದರೆ ಉಕ್ಕು ಮೆತ್ತಗೇ ಇರಬೇಕು. ಅದಕ್ಕೂ ಒಂದು ಉಪಾಯ ಮಾಡಿದ್ದಾರೆ. ಬೇಕ್ ಹಾರ್ಡನಿಂಗ್ ಅನ್ನುವ ಜಾತಿಯ ಹಾಳೆ ಪ್ರೆಸ್ಸಿನಲ್ಲಿ ಸಾಧು. ಬಣ್ಣ ಒಣಗಿಸುವ ಓವನ್ನಿನಲ್ಲಿ 170 ಡಿಗ್ರಿ ಆಸುಪಾಸಿನಲ್ಲಿ ಇಪ್ಪತ್ತು ನಿಮಿಷ ಕೂತು ಬಂದರೆ, ಒಳಗಿನ ಕಾರ್ಬನ್ ಕಣಗಳು ಸರಿದು ಉಕ್ಕಿನ ಸಂದುಗಳಲ್ಲಿ ಜಾಗ ಹಿಡಿದು, ಹಾಳೆ ಸ್ವಲ್ಪ ಗಡಸಾಗುತ್ತದೆ. ಇಷ್ಟಾದರೂ ಅದರ ಕೆಲಸ ಪಾರ್ಕಿಂಗ್‌ನಲ್ಲಿ ತಗಲುವ ಪೆಟ್ಟು ತಡೆಯುವುದು. ಲಾರಿ ತಡೆಯುವುದಲ್ಲ.

ಲಾರಿ ತಡೆಯುವವರು ಒಳಗಿದ್ದಾರೆ. ಡ್ಯುಯಲ್ ಫೇಸ್ ಉಕ್ಕು ಅಂತ ಒಂದಿದೆ. ಉಪ್ಪಿಟ್ಟಿನ ನಡುವೆ ಕಡಲೆಬೇಳೆ ಸಿಕ್ಕಿದ ಹಾಗೆ, ಮೆತ್ತನೆ ಫೆರೈಟ್ ನಡುನಡುವೆ ಗಡಸು ಮಾರ್ಟೆನ್ಸೈಟ್ ಕಣ. ಅಚ್ಚಿಗೆ ಬಗ್ಗಬೇಕು, ಗುದ್ದಿಗೆ ಬಗ್ಗಬಾರದು. ಎರಡನ್ನೂ ಒಂದೇ ಹಾಳೆಯಲ್ಲಿ ಕೂಡಿಸಲು ಉಕ್ಕಿನವರು ದಶಕಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲೂ ಜಿಂದಾಲ್‌ನವರು ಜಪಾನಿನ ಜೆಎಫ್‌ಇ ಕಂಪನಿಯ ತಂತ್ರಜ್ಞಾನ ತಂದು ಕಾರಿನ ಹಾಳೆ ಉರುಳಿಸುತ್ತಿದ್ದಾರೆ.

ಇನ್ನು ಎರಡು ಬಾಗಿಲ ನಡುವಿನ ಕಂಬ, ಅದೇ ಬಿ ಪಿಲ್ಲರ್. ಈಗಿನ ಎಷ್ಟೋ ಕಾರುಗಳಲ್ಲಿ ಅದು ಬೋರಾನ್ ಬೆರೆತ ಉಕ್ಕು. ಹಾಳೆಯನ್ನು 900 ಡಿಗ್ರಿ ದಾಟಿಸಿ ಕೆಂಪಗೆ ಕಾಯಿಸುತ್ತಾರೆ. ಆ ಬಿಸಿಯಲ್ಲೇ ಪ್ರೆಸ್ಸಿಗೆ ಹಾಕಿ, ನೀರು ಹರಿಯುವ ಅಚ್ಚಿನೊಳಗೆ ಅದುಮಿ ಹಿಡಿಯುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಆಕಾರವೂ ಬಂತು, ಗಡಸುತನವೂ ಬಂತು. 1500 ಮೆಗಾಪ್ಯಾಸ್ಕಲ್. ಅಂದರೆ ಒಂದು ಚದರ ಮಿಲಿಮೀಟರ್‌ನಷ್ಟು ಎಳೆಗೆ 150 ಕಿಲೋ, ಭಾವ ಭಾಮೈದ ಇಬ್ಬರನ್ನೂ ನೇತುಹಾಕಬಹುದು. ಆದರೆ ಪಾಪ, ಅದು ಪ್ಲಾಸ್ಟಿಕ್ ಹೊದ್ದು ಕೂತಿದೆ. ಯಾವ ಭಾಮೈದನೂ ಅದನ್ನು ಒತ್ತಿ ನೋಡಿಲ್ಲ.

ಬಾಗಿಲ ಸದ್ದಿನ ಭಕ್ತರಿಗೆ ಒಂದು ಹಳೆ ಕಥೆ. ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಐದರವರೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರ ಜನವರಿಯಲ್ಲಿ ನಮ್ಮ ಐದು ಕಾರುಗಳನ್ನು ಗುದ್ದಿಸಿತು. ಐದಕ್ಕೂ ಸೊನ್ನೆ ಸ್ಟಾರ್. ಅದರಲ್ಲಿ ಫೋಕ್ಸ್‌ವ್ಯಾಗನ್‌ನವರ ಪೋಲೊ ಕೂಡ ಇತ್ತು, ಬಾಗಿಲು ಹಾಕಿದರೆ ಬ್ಯಾಂಕಿನ ಲಾಕರ್ ಹಾಕಿದಂತೆ ಅಂತ ಜನ ಕೊಂಡಾಡುತ್ತಿದ್ದ ಪೋಲೊ. ಅದರ ಬಾಡಿ ಗಟ್ಟಿಯಾಗೇ ನಿಂತಿತು. ಆದರೆ ಏರ್‌ಬ್ಯಾಗ್ ಇರಲಿಲ್ಲ, ಸೊನ್ನೆ ಬಂತು. ಎರಡು ಏರ್‌ಬ್ಯಾಗ್ ಇದ್ದ ಪೋಲೊಗೆ ನಾಲ್ಕು ಸ್ಟಾರ್. ಬಾಗಿಲ ಸದ್ದು ಎರಡರಲ್ಲೂ ಒಂದೇ.

ಹೀಗಿರುವಾಗ ಸರ್ಕಾರ 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಅಂತ ನಮ್ಮದೇ ಸ್ಟಾರ್ ಪರೀಕ್ಷೆ ಶುರು ಮಾಡಿ, ಹೊಸ ಕಾರುಗಳನ್ನು 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ಹಾಳು ಮಾಡುತ್ತಿದೆ. ಎಂಥ ದುಂದು! ಪ್ರತಿ ತಾಲ್ಲೂಕಿಗೆ ಒಬ್ಬ ಐಎಸ್‌ಐ ಮಾರ್ಕಿನ ಭಾಮೈದನನ್ನು ನೇಮಿಸಿದ್ದರೆ ಸಾಕಿತ್ತು. ಎಡಗೈ ಪೆಟ್ರೋಲ್ ಕಾರಿಗೆ, ಬಲಗೈ ಎಲೆಕ್ಟ್ರಿಕ್ ಕಾರಿಗೆ.

ಅಪಘಾತದ ಫೋಟೊ ವಾಟ್ಸಾಪ್‌ಗೆ ಬಂದಾಗ ನೋಡಬೇಕು. ಮುಂಭಾಗ ಪೂರ್ತಿ ಅಪ್ಪಚ್ಚಿ, ಒಳಗಿದ್ದವರು ಇಳಿದು ಬಂದು ರಸ್ತೆ ಪಕ್ಕ ಟೀ ಕುಡಿಯುತ್ತಿದ್ದಾರೆ. ಗ್ರೂಪಿನಲ್ಲಿ ತೀರ್ಪು ಬರುತ್ತದೆ: "ನೋಡಿ, ಎಂಥ ಕಳಪೆ ಕಾರು, ಪೇಪರ್ ಥರ ಮಡಚಿ ಹೋಗಿದೆ!" ಪೆಟ್ಟನ್ನು ತಾನೇ ನುಂಗಿ ಅದು ಮಡಚಿಕೊಂಡಿದ್ದಕ್ಕೇ ಇವರಿಗೆ ಟೀ ಕುಡಿಯುವ ಯೋಗ ಬಂತು ಅಂತ ಹೇಳಿದರೆ ಗ್ರೂಪಿನಿಂದ ತೆಗೆದುಹಾಕುತ್ತಾರೆ.

ಆ ಕಾರು ಆಮೇಲೆ ಟಿಂಕರಿಂಗ್ ಶಾಪಿಗೆ ಹೋಗುತ್ತದೆ. ಅಲ್ಲಿ ಕಂಬ ಸೊಟ್ಟಗಿದ್ದರೆ ಗ್ಯಾಸ್ ಬಿಟ್ಟು ಕೆಂಪಗೆ ಕಾಯಿಸಿ, ಸುತ್ತಿಗೆಯಲ್ಲಿ ನಾಲ್ಕು ಬಿಟ್ಟು, ನಿಧಾನಕ್ಕೆ ಆರಲು ಬಿಡುತ್ತಾರೆ. ನೀರು ಹರಿಯುವ ಅಚ್ಚಿನಲ್ಲಿ ಬಂದ ಗಡಸುತನ ಬೀದಿ ಗಾಳಿಗೆ ಹೋಯಿತು. ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಹೊಸ ಕಾರೇ. ಸ್ಟಾರ್ ಸ್ಟಿಕರ್ ಹಾಗೇ ಇರುತ್ತದೆ, ಕೀಳಬೇಕಾಗಿಲ್ಲ.

ಇತ್ತ ನಮ್ಮ ಭಾವ ಕೊನೆಗೂ ಫೈವ್ ಸ್ಟಾರ್ ಕಾರೇ ಕೊಂಡರು. ನಿಂಬೆಹಣ್ಣು ಜಜ್ಜಿ, ಪೂಜೆ ಮುಗಿಸಿ, ಸೀದಾ ಆಕ್ಸೆಸರೀಸ್ ಅಂಗಡಿಗೆ. ಮೊದಲು ಮುಂದಕ್ಕೆ ಒಂದು ಕಬ್ಬಿಣದ ಗಾರ್ಡ್. ಮಡಚಿಕೊಳ್ಳಲಿ ಅಂತ ಎಂಜಿನಿಯರ್‌ಗಳು ಲೆಕ್ಕ ಹಾಕಿ ಮಾಡಿದ ಮೂತಿಗೆ ಇದೊಂದು ಊರುಗೋಲು. ಪೆಟ್ಟು ನೇರ ಚಾಸಿಗೆ, ಚಾಸಿಯಿಂದ ಭಾವನಿಗೆ. ಇಂಥ ಗಾರ್ಡ್ ಹಾಕಿದವರ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಪತ್ರ ಎಲ್ಲೋ ಫೈಲಿನಲ್ಲಿ ಗಟ್ಟಿಯಾಗಿದೆ.

ಆಮೇಲೆ ಭಾವ ದನಿ ತಗ್ಗಿಸಿದರು. "ಬೆಲ್ಟ್ ಹಾಕದಿದ್ರೆ ಕುಂಯ್ ಕುಂಯ್ ಅಂತ ಕೂಗುತ್ತಲ್ಲ, ಅದನ್ನ ನಿಲ್ಲಿಸೋ ಕ್ಲಿಪ್ ಇದೆಯಾ?"

ಅಂಗಡಿಯವರು ಆ ಕಡೆ ಈ ಕಡೆ ನೋಡಿದರು. 2023ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದನ್ನು ಆನ್‌ಲೈನ್‌ನಲ್ಲಿ ಮಾರಬಾರದು ಅಂತ ಐದು ದೊಡ್ಡ ಕಂಪನಿಗಳಿಗೆ ಆದೇಶ ಮಾಡಿದ ಮೇಲೆ ಕ್ಲಿಪ್ಪಿಗೆ ಸ್ವಲ್ಪ ಗೌರವ ಬಂದಿದೆ. ಡ್ರಾ ಎಳೆದರು.

"ಪ್ಲಾಸ್ಟಿಕ್ ಕೊಡ್ಲಾ ಸಾರ್, ಸ್ಟೀಲ್ ಕೊಡ್ಲಾ?"

"ಸ್ಟೀಲೇ ಕೊಡಿ" ಅಂದ ಭಾಮೈದ. "ಸೇಫ್ಟಿ ವಿಷಯದಲ್ಲಿ ಕಾಂಪ್ರಮೈಸ್ ಬೇಡ."